737 ಕ್ಲಾಸಿಕ್ ಥ್ರಸ್ಟ್ ಕೇಬಲ್: ಸರ್ವೋ ಬಿಟ್ಟು ಸ್ಪ್ರಿಂಗ್ ಸ್ಕೇಲ್ ಹಿಡಿದ ನನ್ನ ಅನುಭವ

737 ಕ್ಲಾಸಿಕ್ ಅಂದ್ರೆ ಬೋಯಿಂಗ್‌ನ ಹಳೇ 737-300, 400, 500 ವಿಮಾನಗಳು, ಅವನ್ನ ರಿಪೇರಿಗೆ ಮುಟ್ಟಿದವ್ರಿಗೆ ಈ ಸ್ನ್ಯಾಗ್ (ದೋಷ) ಗೊತ್ತೇ ಇರುತ್ತೆ. ಇಂಜಿನ್ ಶಕ್ತಿನ ತಾನೇ ಹೊಂದಿಸೋ ಆಟೋಥ್ರಾಟಲ್ ಹಾಕಿದ್ರೆ ಕಾಕ್‌ಪಿಟ್ಟಿನ ಒಂದು ಥ್ರಸ್ಟ್ ಲಿವರ್ ಸಲೀಸಾಗಿ ಹೋಗುತ್ತೆ, ಇನ್ನೊಂದು ಸೋಮಾರಿ ಥರ ಹಿಂದೆ ಉಳಿಯುತ್ತೆ. ಪೈಲಟ್ ಟೆಕ್ ಲಾಗಲ್ಲಿ ಸ್ಟ್ಯಾಗರ್ (ಲಿವರ್ ಹಿಂದೆ ಮುಂದೆ) ಅಂತ ಬರೀತಾನೆ, ನಾವು ಕನೆಕ್ಟರ್ ಕ್ಲೀನ್ ಮಾಡಿ ಟೆಸ್ಟ್ ಪಾಸ್ ಅಂತ ಸೈನ್ ಹಾಕ್ತೀವಿ, ಒಂದು ವಾರದಲ್ಲಿ ಅದೇ ಸ್ನ್ಯಾಗ್ ವಾಪಸ್. NG, ಅಂದ್ರೆ ಆಮೇಲಿನ ತಲೆಮಾರಿನ 737 ಮೇಲೆ ಬೆಳೆದ ಹುಡುಗ್ರಿಗೆ ಇದು ಅರ್ಥನೇ ಆಗಲ್ಲ, ಅಲ್ಲಿ ಲಿವರಿಂದ ಇಂಜಿನ್‌ಗೆ ಹೋಗೋದು ಬರೀ ಕರೆಂಟ್ ವೈರು, ಇಲ್ಲಿ ಪುಲ್ಲಿ ಮೇಲೆ ಓಡೋ ಉಕ್ಕಿನ ಕೇಬಲ್ಲು.

ನಾನಿದ್ದದ್ದು ಶಾರ್ಜಾದಲ್ಲಿ, ಕೈಗೆ ಬಂದಿದ್ದು ಮುದಿ 737-300, ಬಲಗಡೆ ಲಿವರ್ ಕಂಪ್ಲೇಂಟು. ನಾನು ಶಿಫ್ಟಿಗೆ ಸೇರೋ ಹೊತ್ತಿಗೆ ಲಿವರ್ ತಳ್ಳೋ ಸರ್ವೋ ಮೋಟಾರು ಬದಲಾಗಿತ್ತು, ಆಟೋಥ್ರಾಟಲ್ ಕಂಪ್ಯೂಟರ್ ಬದಲಾಗಿತ್ತು, ಕೊನೆಗೆ ಇಂಜಿನ್ ಮೇಲಿನ MEC (ಇಂಧನ ಹತೋಟಿ ಮಾಡೋ ಯೂನಿಟ್ಟು) ಕೂಡ ಇಳಿಸೋಣ ಅಂತ ಮಾತಾಡ್ತಿದ್ರು. MEC ಓವರ್‌ಹಾಲ್ ಬಿಲ್ಲಲ್ಲಿ ನಮ್ಮೂರ ಕಡೆ ಒಂದು ಸೈಟ್ ಬರುತ್ತೆ ಸ್ವಾಮಿ. ಮ್ಯಾನುಯಲ್‌ನಲ್ಲಿ ಇಂಜಿನ್ ಕಂಟ್ರೋಲಿನ ಚಾಪ್ಟರ್ 76 ತೆಗೆದು ಕೇಬಲ್ ಕಡೆ ನೋಡೋಣ ಅಂದೆ. "ಟೆನ್ಷನ್ ಚೆಕ್ ಆಗಿದೆ, ಲಿಮಿಟ್ ಒಳಗಿದೆ" ಅಂದ್ರು. ಟೆನ್ಷನ್ ಸರಿ ಇದ್ರೆ ಫ್ರಿಕ್ಷನ್ ಸರಿ ಇದೆ ಅಂತ ಯಾರು ಹೇಳಿದ್ದು?

ನಾನು ಮಾಡಿದ್ದು ಇಷ್ಟೇ. ಕ್ಯಾಲಿಬ್ರೇಟೆಡ್ ಸ್ಪ್ರಿಂಗ್ ಸ್ಕೇಲ್ ಲಿವರ್ ತುದಿಗೆ ಸಿಗಿಸಿ ನಿಧಾನಕ್ಕೆ ಎಳೆದು, ಐಡಲಿಂದ ಮೇಲಕ್ಕೆ ಎಲ್ಲೆಲ್ಲಿ ಎಷ್ಟು ಬರುತ್ತೆ ಅಂತ ಬರ್ಕೊಂಡೆ, ಆಮೇಲೆ ವಾಪಸ್ ಬರುವಾಗ್ಲೂ. ಎಡಗಡೆ ಒಂದೂಕಾಲು ಕೆಜಿ ಆಸುಪಾಸು, ಬಲಗಡೆ ಎರಡೂವರೆ ಹತ್ರ, ಅದೂ ಅರ್ಧ ದಾರಿಯಲ್ಲಿ ಒಂದು ಕಡೆ ತಟ್ಟಂತ ಏರಿ ಇಳಿಯುತ್ತೆ. ಹೈದರಾಬಾದಿನ ಸೀನಿಯರ್ ಒಬ್ರು ಕಾಕ್‌ಪಿಟ್ ಬಾಗಿಲಲ್ಲಿ ನಿಂತು "ಏನಪ್ಪಾ, ಮೀನು ತೂಗ್ತಿದೀಯಾ?" ಅಂತ ನಗಾಡಿದ್ರು. ನಗ್ಲಿ ಬಿಡಿ.

ಆಮೇಲೆ ಇಂಜಿನ್ ತುದಿಯಿಂದ ಒಂದೊಂದೇ ತುಂಡು ಕಳಚ್ತಾ ಬಂದೆ. ಇಂಜಿನ್ ನೇತುಹಾಕೋ ಸ್ಟ್ರಟ್ಟಿನ ಡ್ರಮ್ ಹತ್ರ, ಅಲ್ಲಿಂದ MECಗೆ ಹೋಗೋ ಪುಶ್-ಪುಲ್ ಕೇಬಲ್ ಬಿಚ್ಚಿದ್ರೆ ರೀಡಿಂಗ್ ಅಷ್ಟೇನೂ ಇಳೀಲಿಲ್ಲ, ಅಂದ್ರೆ ಇಂಜಿನ್ನೂ MECನೂ ನಿರಪರಾಧಿಗಳು. ಲೀಡಿಂಗ್ ಎಡ್ಜ್ (ರೆಕ್ಕೆಯ ಮುಂಚು) ಪ್ಯಾನೆಲ್ ತೆಗೆದು ಪ್ರತಿ ಪುಲ್ಲಿ ಮೇಲೆ ಮಾರ್ಕರ್‌ನಲ್ಲಿ ಗೆರೆ ಎಳೆದು ಒಬ್ಬನ ಕೈಲಿ ಲಿವರ್ ಆಡಿಸಿದೆ. ಒಂದು ಪುಲ್ಲಿ ಗೆರೆ ಇದ್ದಲ್ಲೇ ಇತ್ತು, ಬೇರಿಂಗ್ ಹಿಡ್ಕೊಂಡು ಕೇಬಲ್ ಅದರ ಮೇಲೆ ಉಜ್ಜಿಕೊಂಡು ಹೋಗ್ತಿತ್ತು. ಬಾವಿ ಹಗ್ಗ ರಾಟೆ ಜಾಗದಲ್ಲೇ ಸವೆಯೋ ಥರ ಅಷ್ಟುದ್ದ ಮಾತ್ರ ಹೊಳೀತಿತ್ತು. ಆದ್ರೆ ದೊಡ್ಡ ಕಳ್ಳ ಅದಲ್ಲ, ಫ್ಯೂಸಲಾಜ್ (ವಿಮಾನದ ಮೈ) ಒಳಗಿಂದ ಕೇಬಲ್ ಹೊರಗೆ ಬರೋ ಕಡೆ ಗಾಳಿ ಸೋರದ ಹಾಗೆ ತಡೆಯೋ ಪ್ರೆಶರ್ ಸೀಲು. ಹಳೇ ಗ್ರೈಸಿಗೆ ಮರಳು ಸೇರಿ ಕಲ್ಲಾಗಿತ್ತು. ಸೀಲು ಪುಲ್ಲಿ ಎರಡೂ ಬದಲಾಯಿಸಿದ ಮೇಲೆ ಬಲಗಡೆನೂ ಒಂದೂವರೆ ಒಳಗೆ ಬಂತು.

ಕೇಬಲ್ ಎಳೆ ತುಂಡಾಗಿದೆಯಾ ಅಂತ ಬಟ್ಟೆ ಉಜ್ಜಿ ನೋಡೋದು ಎಲ್ಲರಿಗೂ ಗೊತ್ತು, ಆದ್ರೆ ಸ್ಟೋರ್ಸ್ ಕೊಡೋ ಮೈಕ್ರೋಫೈಬರ್ ಎಲ್ಲಾ ಕಡೆನೂ ಸಿಕ್ಕಾಕ್ಕೊಂಡು ತಲೆ ಕೆಡಿಸುತ್ತೆ, ಟಿಶ್ಯೂ ಹರಿದು ಗ್ರೈಸಲ್ಲಿ ಉಳಿಯುತ್ತೆ, ನಾನು ಎಲ್ಲಾ ಟ್ರೈ ಮಾಡಿ ಊರಿಂದ ತಂದ ಹಳೇ ಪಂಚೆ ತುಂಡಿಗೆ ಬಂದೆ. ತುಂಡಾದ ತಂತಿ ಇದ್ರೆ ನೂಲು ಹಿಡಿಯುತ್ತೆ, ಇಲ್ಲಾಂದ್ರೆ ಜಾರುತ್ತೆ. ಪುಲ್ಲಿ ಮೇಲೆ ಕೂರೋ ಭಾಗನ ಲಿವರ್ ಜರುಗಿಸಿ ಹೊರಗೆ ತಂದು ಉಜ್ಜಬೇಕು, ಒಳಗಿನ ತಂತಿ ಮುರಿದಿದ್ರೆ ಟೆನ್ಷನ್ ಇಳಿಸಿ ಬಗ್ಗಿಸಿದ್ರೆ ಮಾತ್ರ ಹೊರಗೆ ಬರೋದು. ನಮ್ಮ ಹೊಳೀತಿದ್ದ ತುಂಡಲ್ಲಿ ಮುರಿದ ತಂತಿ ಎರಡು ಸಿಕ್ತು, ಕೇಬಲ್ ರಿಜೆಕ್ಟ್. ಸಾಲ್ವೆಂಟ್‌ನಲ್ಲಿ ನೆನೆಸಿ ತೊಳೆಯೋರನ್ನ ಕಂಡ್ರೆ ನಂಗಾಗಲ್ಲ. 7x19 (ತಲಾ 19 ತಂತಿಯ ಏಳು ಎಳೆ ಹೊಸೆದ) ಕೇಬಲ್ ಒಳಗಿನ ಲ್ಯೂಬ್ರಿಕೆಂಟ್ ಎಲ್ಲಾ ತೊಳೆದುಹೋಗಿ ಆಮೇಲೆ ಒಳಗಿಂದ್ಲೇ ತುಕ್ಕು.

ಟೆನ್ಷನ್ ವಿಷ್ಯ ಗಲ್ಫಲ್ಲೇ ಬೇರೆ. ಬಿಸಿಗೆ ವಿಮಾನದ ಮೈಯ ಅಲ್ಯೂಮಿನಿಯಂ ಕೇಬಲ್ಲಿನ ಸ್ಟೀಲಿಗಿಂತ ಹೆಚ್ಚುಕಮ್ಮಿ ಎರಡರಷ್ಟು ಹಿಗ್ಗುತ್ತೆ, ಹತ್ತು ಮೀಟರ್ ಕೇಬಲ್ಲಿಗೆ 20 ಡಿಗ್ರಿ ಏರಿದ್ರೆ ಎರಡು ಮಿಲಿಮೀಟರ್ ಮೇಲೆ ವ್ಯತ್ಯಾಸ, ಟೆನ್ಷನ್ ಏರುತ್ತೆ. ಕ್ಯಾಬಿನ್ ಒಳಗೆ AC ಗಾಳಿ, ರೆಕ್ಕೆ ಹೊರಗೆ ಬಿಸಿಲು, ಟೆನ್ಷನ್ ಚಾರ್ಟಲ್ಲಿ ಯಾವ ಟೆಂಪರೇಚರ್ ಹಾಕ್ತೀರಾ? ನಾನು ರಾತ್ರಿ ಪೂರ್ತಿ AC ಆಫ್ ಮಾಡಿಸಿ ವಿಮಾನನ ಹ್ಯಾಂಗರಲ್ಲೇ ನಿಲ್ಲಿಸಿ, ಮೂರ್ನಾಲ್ಕು ಕಡೆ ಥರ್ಮಾಮೀಟರ್ ಇಟ್ಟು ಎಲ್ಲಾ ಒಂದೇ ಆದ್ಮೇಲೆ ಬೆಳಗಿನ ಜಾವ ರಿಗ್ ಪಿನ್ (ಭಾಗಗಳು ಕದಲದ ಹಾಗೆ ಹಿಡಿಯೋ ಪಿನ್) ಹಾಕಿ ಟೆನ್ಷನ್ ಕೊಟ್ಟೆ. ಟೆನ್ಷನ್ ಅಳೆಯೋ ಡಿಜಿಟಲ್ ಟೆನ್ಸಿಯೋಮೀಟರೂ ಹಳೇ ಮುಳ್ಳಿನ T5 ಮೀಟರೂ ಎರಡೂ ಇಟ್ಟು ನೋಡಿದೆ, ಕೇಬಲ್ ದಪ್ಪಕ್ಕೆ ತಕ್ಕ ರೈಸರ್ ತುಂಡು ಸರಿಯಾಗಿ ಹಾಕಿದ್ರೆ T5 ಸಾಕು. ಹೊಸ ಕೇಬಲ್ಲನ್ನ ಲೀಡಿಂಗ್ ಎಡ್ಜಲ್ಲಿ ಸಿಕ್ಕು ಬೀಳದ ಹಾಗೆ ಒಬ್ನೇ ಎಳೆಯೋ ಉಪಾಯ ಒಂದಿದೆ, ಅದನ್ನ ಇಲ್ಲಿ ಬರೆಯಲ್ಲ, ಹ್ಯಾಂಗರಿಗೆ ಬಂದ್ರೆ ಟೀ ಕುಡಿಸಿ, ತೋರಿಸ್ತೀನಿ.

ಇನ್ನೊಬ್ಬರು ಮತ್ತೆ ನೋಡೋ ಡ್ಯೂಪ್ಲಿಕೇಟ್ ಇನ್ಸ್ಪೆಕ್ಷನ್, ಇಂಜಿನ್ ರನ್ ಎಲ್ಲಾ ಮಾಮೂಲಿ. ಕೇಬಲ್, ಪುಲ್ಲಿ, ಸೀಲು ಸೇರಿ ಎರಡು ಸಾವಿರ ಡಾಲರ್ ದಾಟಿರ್ಲಿಕ್ಕಿಲ್ಲ, ಲೇಬರ್ ಬಿಟ್ಟು. ಅದಕ್ಕೂ ಮುಂಚೆ ಸರ್ವೋ, ಕಂಪ್ಯೂಟರ್ ಬದಲಾಯಿಸಿ ಸುರಿದಿದ್ದು ಅದರ ಹತ್ತು ಪಟ್ಟಾದ್ರೂ ಇರ್ಬೇಕು. ಸ್ನ್ಯಾಗ್ ಮತ್ತೆ ಬರ್ಲಿಲ್ಲ. ಮೀನು ಅಂದ ಸೀನಿಯರ್ ಈಗ ಸ್ಕೇಲ್ ಬೇಕು ಅಂತ ನನ್ನ ಟೂಲ್‌ಬಾಕ್ಸ್ ಹತ್ರನೇ ಬರ್ತಾರೆ.

ಇದು ಬರೀ ನನ್ನ ಹಠ ಅಂತ ಅನ್ಕೋಬೇಡಿ. 2021ರ ಜನವರಿ 9ಕ್ಕೆ ಜಕಾರ್ತಾದಿಂದ ಹೊರಟು ಸಮುದ್ರಕ್ಕೆ ಬಿದ್ದ ಶ್ರೀವಿಜಯ 182, ಅದೂ 737-500. ಎಡ ಲಿವರ್ ಹಿಂದೆ ಹೋಗ್ತಾ ಇತ್ತು, ಬಲದ್ದು ಕದಲಲಿಲ್ಲ, 62 ಜನ ಹೋದ್ರು. 2022ರಲ್ಲಿ ಬಂದ ಇಂಡೋನೇಷ್ಯಾದ ವರದಿ ಬೇರೆ ಕಾರಣಗಳ ಜೊತೆ ಬಲಗಡೆ ಥ್ರಸ್ಟ್ ಲಿವರ್ ಮೆಕ್ಯಾನಿಕಲ್ ಸಿಸ್ಟಮ್ಮಿನ ಫ್ರಿಕ್ಷನ್ ಅಥವಾ ಬೈಂಡಿಂಗನ್ನೂ ಹೇಳಿತ್ತು, ಪದೇ ಪದೇ ಬಂದ ಸ್ನ್ಯಾಗನ್ನ ರಿಪೇರಿ ಮಾಡುವಾಗ ಅದು ಕಣ್ಣಿಗೆ ಬೀಳಲಿಲ್ಲ ಅಂತನೂ.

ಈಗ ಪ್ರತಿ C ಚೆಕ್‌ನಲ್ಲಿ (ದೊಡ್ಡ ತಪಾಸಣೆ) ಎರಡೂ ಲಿವರ್ ಎಳೆದು ಬರ್ಕೋತೀನಿ, ಇಂಜಿನ್‌ಗೆ ಇಂಧನ ಬಿಡೋ ಸ್ಟಾರ್ಟ್ ಲಿವರ್ ಕೂಡ. ಇನ್ನೊಂದು ವಿಮಾನದಲ್ಲಿ ಎಡಗಡೆ ಪುಶ್-ಪುಲ್ ಕೇಬಲ್ ಹೋದ ಸಲಕ್ಕಿಂತ ಸ್ವಲ್ಪ ಬಿಗಿ ತೋರಿಸ್ತಿದೆ, ಪಾರ್ಟ್ ಆರ್ಡರ್ ಹಾಕಿದೀನಿ, ಬರೋಕೆ ಇನ್ನೂ ಟೈಮ್ ಇದೆ.