ಚಿತ್ರಕಥೆ ಓದುತ್ತಾ ಸಿನಿಮಾ ನೋಡುವುದು ಹೇಗೆ?

ಮೊದಲು ಕೈಯಲ್ಲಿರುವುದು ಯಾವ ಪ್ರತಿ ಎಂದು ನೋಡಿಕೊಳ್ಳಿ. ಇಂಟರ್‌ನೆಟ್‌ನಲ್ಲಿ ಚಿತ್ರಕಥೆ ಎಂಬ ಹೆಸರಿನಲ್ಲಿ ಸಿಗುವ ಎಷ್ಟೋ ಫೈಲ್‌ಗಳು ಸಿನಿಮಾದ ಮಾತು ಕೇಳಿಸಿಕೊಂಡು ಯಾರೋ ಟೈಪ್ ಮಾಡಿದವು. ದೃಶ್ಯದ ತಲೆಬರಹವಿಲ್ಲದೆ (ಜಾಗ ಯಾವುದು, ಹಗಲೋ ರಾತ್ರಿಯೋ ಎಂದು ಹೇಳುವ ಸಾಲು) ಬರೀ ಸಂಭಾಷಣೆಯೇ ಇದ್ದರೆ ಪಕ್ಕಕ್ಕಿಡಿ. ತೆರೆಯ ಮೇಲಿದ್ದದ್ದೇ ಅದರಲ್ಲೂ ಇರುವುದರಿಂದ ಹೋಲಿಸಲು ಏನೂ ಸಿಗುವುದಿಲ್ಲ. ನಿಮಗೆ ಬೇಕಾದದ್ದು ಚಿತ್ರೀಕರಣಕ್ಕೆ ಮುಂಚಿನ ಕರಡು ಅಥವಾ ಶೂಟಿಂಗ್ ಸ್ಕ್ರಿಪ್ಟ್, ಅಂದರೆ ಚಿತ್ರೀಕರಣದಲ್ಲಿ ಬಳಸಿದ ಪ್ರತಿ. ಶೂಟಿಂಗ್ ಸ್ಕ್ರಿಪ್ಟ್‌ನಲ್ಲಿ ದೃಶ್ಯಗಳಿಗೆ ಸಂಖ್ಯೆ ಇರುತ್ತದೆ. ಬಲ ಅಂಚಿನಲ್ಲಿ ನಕ್ಷತ್ರ ಚಿಹ್ನೆ ಕಂಡರೆ ಆ ಸಾಲನ್ನು ಆ ಆವೃತ್ತಿಯಲ್ಲಿ ತಿದ್ದಿದ್ದಾರೆ ಎಂದರ್ಥ.

ಫೈಲ್ ಪಿಡಿಎಫ್ ಆಗಿದ್ದರೆ ಹಾಗೇ ಇರಲಿ. ಇ-ಪಬ್‌ಗೆ (ಇ-ಪುಸ್ತಕಗಳ ಒಂದು ಫೈಲ್ ಮಾದರಿ) ಬದಲಾಯಿಸಿದರೆ ಪುಟದ ಕಟ್ಟೇ ಕೆಡುತ್ತದೆ: ಪಾತ್ರದ ಹೆಸರು ಮಾತಿನೊಳಗೆ ಸೇರಿಕೊಳ್ಳುತ್ತದೆ, ಪುಟದ ಮೇಲಿನ ಸಂಖ್ಯೆ ಸಾಲಿನ ನಡುವೆ ಬಂದು ಕೂರುತ್ತದೆ. ಎಡಕ್ಕೆ ದೃಶ್ಯ, ಬಲಕ್ಕೆ ಮಾತು ಎಂದು ಎರಡು ಅಂಕಣದಲ್ಲಿ ಬರೆದ ಪ್ರತಿಯಾದರೆ ಎರಡೂ ಕಲಸಿಹೋಗುತ್ತವೆ. ಹತ್ತು ಇಂಚಿನ ಟ್ಯಾಬ್ಲೆಟ್ ಇದ್ದರೆ ಆರಾಮ. ಆರು ಇಂಚಿನ ಇ-ರೀಡರ್‌ನಲ್ಲಿ ಅಕ್ಷರ ಚಿಕ್ಕದಾಗುತ್ತದೆ. ಅಡ್ಡಲಾಗಿ ತಿರುಗಿಸಿ, ಅರ್ಧರ್ಧ ಪುಟ ಓದಿ. ಅಂಚು ಕತ್ತರಿಸುವ ಸೌಲಭ್ಯ ಬಳಸುವುದಾದರೆ ನಕ್ಷತ್ರಗಳೂ ಕತ್ತರಿಸಿಹೋಗದಂತೆ ನೋಡಿಕೊಳ್ಳಿ.

ಮೊದಲ ಸಲ ಸಿನಿಮಾವನ್ನಷ್ಟೇ ನೋಡಿ. ಚಿತ್ರಕಥೆ ಎರಡನೆಯ ಸಲಕ್ಕೆ. ಆಗಲೂ ಒಂದು ಕಣ್ಣು ತೆರೆಯ ಮೇಲೆ, ಇನ್ನೊಂದು ಪುಟದ ಮೇಲೆ ಇಟ್ಟುಕೊಂಡರೆ ಎರಡೂ ದಕ್ಕುವುದಿಲ್ಲ. ಹತ್ತು ಹನ್ನೆರಡು ಪುಟ ಓದಿ, ಪುಸ್ತಕ ಕೆಳಗಿಟ್ಟು, ಅಷ್ಟು ಭಾಗ ನೋಡಿ, ಪಾಜ್ ಮಾಡಿ. ಅರ್ಧ ದೃಶ್ಯಕ್ಕೆ ಮಾತ್ರ ನಿಲ್ಲಿಸಬೇಡಿ. ಭಾಷೆ ಗೊತ್ತಿದ್ದರೆ ಸಬ್‌ಟೈಟಲ್ ಆಫ್ ಇರಲಿ.

ಹಾಲಿವುಡ್ ಮಾದರಿಯಲ್ಲಿ, 12 ಪಾಯಿಂಟ್ ಗಾತ್ರದ ‘ಕೊರಿಯರ್’ ಎಂಬ ಫಾಂಟ್‌ನ ಒಂದು ಪುಟಕ್ಕೆ ತೆರೆಯ ಮೇಲೆ ಸುಮಾರು ಒಂದು ನಿಮಿಷ. ಇದು ಬರೀ ಸರಾಸರಿ, ನಂಬಿ ಕೂರುವಂಥದ್ದಲ್ಲ. ಚಕಚಕನೆ ಸಾಗುವ ಮಾತಿನ ಎರಡು ಪುಟ ಒಂದೂವರೆ ನಿಮಿಷದಲ್ಲಿ ಮುಗಿಯಬಹುದು. ‘ಇಬ್ಬರೂ ಹೊಡೆದಾಡುತ್ತಾರೆ’ ಎಂಬ ಒಂದೇ ಸಾಲು ನಾಲ್ಕು ನಿಮಿಷ ನುಂಗಬಹುದು. ಹಾಗಾಗಿ ಪ್ರತಿ ಹತ್ತು ಪುಟಕ್ಕೊಮ್ಮೆ ದೃಶ್ಯದ ತಲೆಬರಹದ ಪಕ್ಕ ಪ್ಲೇಯರ್ ತೋರಿಸುವ ಸಮಯವನ್ನು ಟಿಪ್ಪಣಿಯಾಗಿ ಬರೆದಿಡಿ. ಈ ಲೆಕ್ಕಕ್ಕೆ ಪುಟದ ಮೇಲೆ ಅಚ್ಚಾದ ಸಂಖ್ಯೆಯನ್ನೇ ಹಿಡಿಯಿರಿ. ಆ್ಯಪ್ ಮುಖಪುಟವನ್ನೂ ಎಣಿಸುವುದರಿಂದ ಅದರ ಸಂಖ್ಯೆ ಒಂದೆರಡು ಮುಂದಿರುತ್ತದೆ. ಇ-ಪಬ್‌ನಲ್ಲಂತೂ ಅಕ್ಷರದ ಗಾತ್ರ ಬದಲಾದ ಹಾಗೆ ಪುಟವೂ ಬದಲಾಗುವುದರಿಂದ ಲೆಕ್ಕವೇ ಕೂಡಿಬರುವುದಿಲ್ಲ.

ಎಲ್ಲಿದ್ದೀರಿ ಎಂಬುದೇ ತಪ್ಪಿಹೋದರೆ ಕೇಳಿಸಿದ ಮಾತಿನಿಂದ ಒಂದು ಅಪರೂಪದ ಪದವನ್ನೋ ಊರಿನ ಹೆಸರನ್ನೋ ಹುಡುಕಿ. ಇಡೀ ವಾಕ್ಯ ಹಾಕಬೇಡಿ, ನಟರು ಅದನ್ನು ಬರೆದ ಹಾಗೆಯೇ ಹೇಳಿರುವುದು ಕಡಿಮೆ. ಯಾವ ಪದವೂ ಸಿಗದಿದ್ದರೆ ಪುಟಗಳು ಸ್ಕ್ಯಾನ್ ಮಾಡಿದ ಚಿತ್ರಗಳಾಗಿರಬಹುದು. ಅಕ್ಷರ ಗುರುತಿಸುವ ತಂತ್ರಾಂಶಕ್ಕೆ ಒಮ್ಮೆ ಕೊಟ್ಟು ತೆಗೆಯಿರಿ.

ಗುರುತು ಹಾಕಲು ಮೂರು ಬಣ್ಣ ಸಾಕು: ಬಿಟ್ಟದ್ದಕ್ಕೊಂದು, ಸೇರಿಸಿದ್ದಕ್ಕೊಂದು, ಜಾಗ ಬದಲಿಸಿದ್ದಕ್ಕೊಂದು. ಮಾತಿನಲ್ಲಿ ಒಂದು ಪದ ಆಚೀಚೆಯಾದದ್ದನ್ನೆಲ್ಲ ಗುರುತಿಸುತ್ತಾ ಹೋದರೆ ಪುಟವೆಲ್ಲ ಬಣ್ಣವಾಗುತ್ತದೆ, ಪ್ರಯೋಜನ ಅಷ್ಟಕ್ಕಷ್ಟೇ. ಗಮನವೆಲ್ಲ ಕ್ರಿಯೆಯ ಸಾಲುಗಳ ಮೇಲಿರಲಿ. ‘ಅವಳು ಪತ್ರ ಓದಿ, ಮಡಚಿ, ಡ್ರಾಯರ್‌ಗೆ ಹಾಕುತ್ತಾಳೆ’ ಎಂದು ಬರೆದಿದೆ ಅನ್ನಿ. ತೆರೆಯ ಮೇಲೆ ಅದಕ್ಕೆ ಎಷ್ಟು ಶಾಟ್‌ಗಳು? ಪತ್ರ ನಮಗೆ ಕಾಣಿಸಿತೇ, ಬರೀ ಮುಖ ಕಾಣಿಸಿತೇ? ಡ್ರಾಯರ್ ಮುಚ್ಚುವ ಸದ್ದು ಮುಂದಿನ ದೃಶ್ಯಕ್ಕೂ ಹರಿಯಿತೇ? ಬರಹಗಾರ ಬರೆದದ್ದು ಎಲ್ಲಿಗೆ ಮುಗಿದು ನಿರ್ದೇಶಕ, ಸಂಕಲನಕಾರರ ಕೆಲಸ ಎಲ್ಲಿ ಶುರುವಾಯಿತು ಎಂಬುದು ಇಂಥ ಕಡೆಯೇ ಸಿಕ್ಕಿಬೀಳುವುದು.

ಚಿತ್ರಕಥೆಯಲ್ಲಿರುವ ದೃಶ್ಯ ಸಿನಿಮಾದಲ್ಲಿ ಇಲ್ಲದಿದ್ದರೆ, ಅದರಲ್ಲಿ ಮಾತ್ರ ತಿಳಿಯುತ್ತಿದ್ದ ಸಂಗತಿ ಯಾವುದೆಂದು ಬರೆದುಕೊಂಡು ಹಿಂದಿನ, ಮುಂದಿನ ದೃಶ್ಯಗಳನ್ನು ಮತ್ತೆ ನೋಡಿ. ಆ ಸಂಗತಿ ಒಂದು ಮಾತಾಗಿಯೋ ನೋಟವಾಗಿಯೋ ಪಕ್ಕದ ದೃಶ್ಯಕ್ಕೆ ಹೋಗಿ ಸೇರಿರುತ್ತದೆ. ಇಲ್ಲವೇ ಅದಿಲ್ಲದೆಯೂ ಕಥೆ ನಡೆಯುತ್ತದೆಂದು ಎಡಿಟಿಂಗ್‌ನಲ್ಲಿ ತೀರ್ಮಾನವಾಗಿರುತ್ತದೆ.