ಹಲ್ಲು ನೋವಿನ ರಾತ್ರಿ ಕಳೆಯುವುದು, ಅಂಜಿಕೆಯಿಲ್ಲದೆ ದಂತವೈದ್ಯರ ಕುರ್ಚಿ ಏರುವುದು

ಹಗಲೆಲ್ಲ ಸುಮ್ಮನಿದ್ದ ದವಡೆ ಹಲ್ಲು ರಾತ್ರಿ ಮಲಗಿದ ಕೂಡಲೇ ಸಿಡಿಯತೊಡಗುತ್ತದೆ. ಮಲಗಿದಾಗ ತಲೆಯ ಕಡೆ ರಕ್ತದ ಒತ್ತಡ ಹೆಚ್ಚುತ್ತದೆ; ಬಾತ ತಿರುಳಿಗೆ (ನರ, ರಕ್ತನಾಳಗಳಿರುವ ಮೆತ್ತನೆಯ ಭಾಗ) ಗಟ್ಟಿ ಹಲ್ಲಿನೊಳಗೆ ಹಿಗ್ಗಲು ಜಾಗವಿಲ್ಲ. ಆದ್ದರಿಂದ ಮೊದಲು ಎರಡು ದಿಂಬು ಇಟ್ಟು ತಲೆ ಎತ್ತರಿಸಿಕೊಳ್ಳಿ.

ಒಂದು ಲೋಟ ಉಗುರುಬೆಚ್ಚಗಿನ ನೀರಿಗೆ ಅರ್ಧ ಚಮಚ ಉಪ್ಪು ಹಾಕಿ ಬಾಯಿ ಮುಕ್ಕಳಿಸಿ. ಸಂದಿಯಲ್ಲಿ ಕಡಕ್ ರೊಟ್ಟಿಯ ಚೂರೋ ಕರದಂಟಿನ ಅಂಟೋ ಸಿಕ್ಕಿದ್ದರೆ ದಾರದಿಂದ ತೆಗೆಯಿರಿ, ಪಿನ್ನು ಬೇಡ. ಎಷ್ಟೋ ಸಲ ಇಷ್ಟಕ್ಕೇ ನೋವು ತಗ್ಗುತ್ತದೆ. ಕೆನ್ನೆಯ ಮೇಲೆ ಬಟ್ಟೆಯಲ್ಲಿ ಸುತ್ತಿದ ಐಸ್ 15 ನಿಮಿಷ ಹಿಡಿಯಿರಿ.

ಲವಂಗದ ಎಣ್ಣೆ ನಿಜಕ್ಕೂ ಕೆಲಸ ಮಾಡುತ್ತದೆ, ಅದರಲ್ಲಿರುವ ಯುಜಿನಾಲ್ ನರವನ್ನು ಮರಗಟ್ಟಿಸುತ್ತದೆ. ತಪ್ಪಾಗುವುದು ಹಚ್ಚುವ ರೀತಿಯಲ್ಲಿ. ಜೋಳದ ಕಾಳಿನಷ್ಟು ಹತ್ತಿಗೆ ಒಂದೇ ಹನಿ ಹಾಕಿ, ಹಿಂಡಿ, ಹುಳುಕಿನ ತೂತಿನೊಳಗೆ ಮಾತ್ರ ಇಡಿ. ಒಸಡಿಗೆ ತಾಗಿದರೆ ಸುಡುತ್ತದೆ. ಆಸ್ಪಿರಿನ್ ಮಾತ್ರೆಯನ್ನು ಒಸಡಿಗೆ ಒತ್ತಿಟ್ಟರೂ ಇದೇ ಗತಿ, ಚರ್ಮ ಬೆಳ್ಳಗಾಗಿ ಸುಲಿಯುತ್ತದೆ. ಮಿಶ್ರಿ ತಿಕ್ಕುವುದಂತೂ ಬೇಡವೇ ಬೇಡ. ಅದು ತಂಬಾಕು, ನೋವು ಹೋದರೂ ಚಟ ಉಳಿಯುತ್ತದೆ.

ಮಾತ್ರೆ ಬೇಕಾದರೆ, ವಯಸ್ಕರು 500 ಮಿಲಿಗ್ರಾಂನ ಪ್ಯಾರಾಸಿಟಮಾಲ್ ಒಂದೋ ಎರಡೋ ನುಂಗಿ 6 ತಾಸು ಬಿಡಬೇಕು. ದಿನಕ್ಕೆ 8 ದಾಟಬಾರದು. ಯಕೃತ್ತಿನ ತೊಂದರೆ ಇರುವವರು, ದಿನಾ ಕುಡಿಯುವವರು ಮೊದಲು ವೈದ್ಯರನ್ನು ಕೇಳಬೇಕು. ಮೆಡಿಕಲ್ ಅಂಗಡಿಯಲ್ಲಿ ಕೇಳಿ ತರುವ ಆಂಟಿಬಯಾಟಿಕ್ ತಿರುಳಿನ ನೋವನ್ನು ನಿಲ್ಲಿಸುವುದಿಲ್ಲ.

ಬಾವು ಕಣ್ಣಿನತ್ತ ಅಥವಾ ಕುತ್ತಿಗೆಗೆ ಇಳಿದರೆ, ಬಾಯಿ ತೆರೆಯಲು, ನುಂಗಲು ಕಷ್ಟವಾದರೆ, ಜ್ವರ ಬಂದರೆ ಬೆಳಗಿನ ತನಕ ಕಾಯದೆ ಆಸ್ಪತ್ರೆಗೆ ಹೋಗಿ.

ಇನ್ನು ಅಂಜಿಕೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಮಂಜಾಗುತ್ತದೆ ಎಂಬುದು ಸುಳ್ಳು, ಹಲ್ಲಿನ ನರಕ್ಕೂ ದೃಷ್ಟಿಯ ನರಕ್ಕೂ ಸಂಬಂಧವಿಲ್ಲ. 'ಇಂಜೆಕ್ಷನ್ ಕೊಟ್ಟರೂ ನೋಯುತ್ತದೆ' ಎಂಬ ಮಾತಿನಲ್ಲಿ ಮಾತ್ರ ಸತ್ಯವಿದೆ, ಅದರ ಕಾರಣ ತಿಳಿದಿರಲಿ. ಕೀವು ತುಂಬಿದ ಜಾಗ ಆಮ್ಲೀಯವಾಗಿರುತ್ತದೆ, ಅಲ್ಲಿ ಜೋಮು ಹಿಡಿಸುವ ಔಷಧಿ ಲಿಗ್ನೋಕೇನ್ ಸರಿಯಾಗಿ ನರದೊಳಗೆ ಇಳಿಯುವುದಿಲ್ಲ. ಅಂಜಿ ತಿಂಗಳುಗಟ್ಟಲೆ ತಳ್ಳಿದವರಿಗೇ ಇಂಜೆಕ್ಷನ್ ಕೈಕೊಡುವುದು ಹೀಗೆ. ತಣ್ಣೀರಿಗೆ ಜುಮ್ಮೆನ್ನುವ ಹಂತದಲ್ಲೇ ಹೋದರೆ ಹೆಚ್ಚಾಗಿ ಒಂದು ಫಿಲ್ಲಿಂಗ್‌ಗೆ ಮುಗಿಯುತ್ತದೆ.

ಬೆಳಗಿನ ಹೊತ್ತಿನ ಅಪಾಯಿಂಟ್‌ಮೆಂಟ್ ಕೇಳಿ. ಸಂಜೆಯವರೆಗೆ ಕೂತರೆ ಅಂಜಿಕೆ ಬೆಳೆಯುತ್ತದೆ. ತಿಂಡಿ ತಿಂದೇ ಹೋಗಿ, ಹಸಿದ ಹೊಟ್ಟೆಯಲ್ಲಿ ತಲೆಸುತ್ತು ಬರುವುದು ಸುಲಭ. ಮೊದಲ ದಿನ ನೋಡುವುದು, ಎಕ್ಸ್‌-ರೇ ಅಷ್ಟೇ ಸಾಕೆಂದು ಕೇಳಬಹುದು. ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಕಡೆ ದಂತ ಕಾಲೇಜುಗಳಿವೆ. ವಿದ್ಯಾರ್ಥಿಗಳು ಗುರುಗಳ ಕಣ್ಣೆದುರು ಮಾಡುವ ಕೆಲಸ ನಿಧಾನ, ಪುರುಸೊತ್ತು ಮಾಡಿಕೊಂಡು ಹೋಗಿ.

ಕೂತ ಕೂಡಲೇ ನಾಚದೆ ಹೇಳಿ: “ಸರ್, ನನಗ ಸೂಜಿ ಅಂದ್ರ ಭಾಳ ಅಂಜಿಕಿ ಐತ್ರಿ, ಸಾವಕಾಶ ಮಾಡ್ರಿ. ಎಡಗೈ ಎತ್ತಿದ್ರ ನಿಂದರಸ್ರಿ.” ಕೈ ಎತ್ತುವ ಈ ಒಪ್ಪಂದಕ್ಕೆ ನಾನು ಬಹಳ ಬೆಲೆ ಕೊಡುತ್ತೇನೆ, ನಿಲ್ಲಿಸುವ ಅಧಿಕಾರ ಕೈಯಲ್ಲಿದ್ದರೆ ಮೈ ಸಡಿಲಾಗುತ್ತದೆ. ಮೊದಲು ಜೋಮು ಹಿಡಿಸುವ ಜೆಲ್ ಹಚ್ಚಿಸಿಕೊಳ್ಳಿ. ಸೂಜಿ ಹಾಕುವಾಗ ನಾಲ್ಕು ಎಣಿಸುತ್ತ ಉಸಿರೆಳೆದು ಆರು ಎಣಿಸುತ್ತ ಬಿಡಿ. ಔಷಧಿಯನ್ನು ನಿಧಾನವಾಗಿ ಬಿಟ್ಟರೆ ಉರಿ ಕಡಿಮೆ. ಆಮೇಲೆ ಎದೆ ಡವಡವ ಎಂದರೆ ಗಾಬರಿ ಬೇಡ. ಔಷಧಿಯಲ್ಲಿ ಅಡ್ರಿನಲಿನ್ ಇದ್ದರೆ ಹಾಗಾಗುತ್ತದೆ, ಕೆಲವೇ ನಿಮಿಷಗಳಲ್ಲಿ ಇಳಿಯುತ್ತದೆ. ಹೃದಯ ರೋಗವಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನುಂಗುತ್ತಿದ್ದರೆ ಮೊದಲೇ ತಿಳಿಸಿ.

ಮನೆಗೆ ಬಂದ ಮೇಲೆ ತುಟಿಯ ಜೋಮು ಇಳಿಯಲು ಎರಡು ಮೂರು ತಾಸು ಬೇಕು. ಅಲ್ಲಿಯವರೆಗೆ ಬಿಸಿ ಚಹಾ, ರೊಟ್ಟಿ ಮುಟ್ಟಬೇಡಿ. ಮಕ್ಕಳಾದರೆ ಪಕ್ಕದಲ್ಲೇ ಕೂತು ಕಾಯಿರಿ, ಗೊತ್ತಾಗದೆ ತುಟಿ ಕಚ್ಚಿಕೊಂಡು ಗಾಯ ಮಾಡಿಕೊಳ್ಳುತ್ತಾರೆ.