ಇಆರ್–ಪಿಆರ್ ರಿಪೋರ್ಟ್ ಓದುವುದು ಹೇಗೆ?

ಸ್ತನದ ಗಂಟಿಗೆ ಸೂಜಿ ಬಯಾಪ್ಸಿ ಮಾಡಿದ ಮೇಲೆ ಎರಡು ರಿಪೋರ್ಟ್ ಬರುತ್ತವೆ. ಮೊದಲನೆಯದು ಕ್ಯಾನ್ಸರ್ ಹೌದೋ ಅಲ್ಲವೋ, ಯಾವ ಬಗೆ, ಯಾವ ಗ್ರೇಡ್ (ಕೋಶಗಳು ಸಾಮಾನ್ಯ ಕೋಶಗಳಿಗಿಂತ ಎಷ್ಟು ಬೇರೆಯಾಗಿವೆ) ಎಂದು ಹೇಳುತ್ತದೆ. ಕೆಲವು ದಿನ ಬಿಟ್ಟು ಬರುವ ಎರಡನೆಯದಕ್ಕೆ ಲ್ಯಾಬ್‌ನವರು ಐಎಚ್‌ಸಿ ಎನ್ನುತ್ತಾರೆ. ಅದರಲ್ಲಿ ಮುಖ್ಯವಾಗಿ ಮೂರು ಸಾಲು: ಇಆರ್, ಪಿಆರ್, ಹರ್2. ‘ಪಾಸಿಟಿವ್’ ಎಂದು ಕಂಡರೆ ಮನೆಯವರ ಎದೆ ಧಸಕ್ಕೆನ್ನುತ್ತದೆ, ‘ನೆಗೆಟಿವ್’ ಎಂದಿದ್ದರೆ ನಿಟ್ಟುಸಿರು ಬಿಡುತ್ತಾರೆ. ಇಆರ್ ವಿಷಯದಲ್ಲಿ ಇದು ತಿರುವುಮುರುವು. ಪಾಸಿಟಿವ್ ಇದ್ದವರಿಗೆ ಚಿಕಿತ್ಸೆಯ ಇನ್ನೊಂದು ದಾರಿ, ಹಾರ್ಮೋನ್ ತಡೆಯುವ ಮಾತ್ರೆ, ಹೆಚ್ಚುವರಿಯಾಗಿ ಸಿಗುತ್ತದೆ. ಹಾಗೆಂದು ಅದು ‘ಒಳ್ಳೆಯ ಕ್ಯಾನ್ಸರ್’ ಎಂದು ಹಾಯಾಗಿ ಕೂರುವಂತೆಯೂ ಇಲ್ಲ. ಅಪಾಯ ಇದ್ದೇ ಇರುತ್ತದೆ, ಬರುವ ಕಾಲ ಬೇರೆ.

ಇಆರ್ ಎಂದರೆ ಈಸ್ಟ್ರೊಜೆನ್ ರಿಸೆಪ್ಟರ್, ಜೀವಕೋಶದ ನ್ಯೂಕ್ಲಿಯಸ್‌ನಲ್ಲಿರುವ ಒಂದು ಪ್ರೋಟೀನ್. ಈಸ್ಟ್ರೊಜೆನ್ ಬಂದು ಅದಕ್ಕೆ ಅಂಟಿಕೊಂಡರೆ ಕೋಶ ವಿಭಜನೆಯಾಗಲು ಬೇಕಾದ ಜೀನ್‌ಗಳು ಚುರುಕಾಗುತ್ತವೆ. ಸ್ಲೈಡ್‌ಗೆ ಆ್ಯಂಟಿಬಾಡಿ ಹಾಕಿದಾಗ ರಿಸೆಪ್ಟರ್ ಇರುವ ನ್ಯೂಕ್ಲಿಯಸ್‌ಗಳು ಕಂದು ಬಣ್ಣಕ್ಕೆ ತಿರುಗುತ್ತವೆ, ಇಲ್ಲದವು ನೀಲಿಯಾಗಿಯೇ ಉಳಿಯುತ್ತವೆ. ಪೆಥಾಲಜಿಸ್ಟ್ ಎಣಿಸುವುದು ಈ ಕಂದು ಚುಕ್ಕೆಗಳನ್ನು.

ಹಂತ 1: ಅಂಕಿ ನೋಡಿ

ಬರೀ ‘ಪಾಸಿಟಿವ್’ ಎಂದು ಬರೆದ ರಿಪೋರ್ಟ್ ಅರ್ಧ ರಿಪೋರ್ಟ್. ಶೇಕಡಾ ಎಷ್ಟು ಕೋಶಗಳಿಗೆ ಬಣ್ಣ ಹಿಡಿದಿದೆ, ಬಣ್ಣ ತೆಳುವೋ ಮಧ್ಯಮವೋ ಗಾಢವೋ, ಇವೆರಡೂ ಇರಬೇಕು. ಇಲ್ಲದಿದ್ದರೆ ಲ್ಯಾಬ್‌ಗೆ ಹೇಳಿ ಬರೆಸಿಕೊಳ್ಳಿ.

ನಮ್ಮ ಲ್ಯಾಬ್‌ಗಳಲ್ಲಿ ಆಲ್‌ರೆಡ್ ಸ್ಕೋರ್ ಹೆಚ್ಚು ಬಳಕೆಯಲ್ಲಿದೆ. ‘ಪಿಎಸ್ 5, ಐಎಸ್ 3, ಒಟ್ಟು 8/8’ ಎಂದು ಬರೆದಿರುತ್ತಾರೆ. ಪಿಎಸ್ ಎಂದರೆ ಬಣ್ಣ ಹಿಡಿದ ಕೋಶಗಳ ಪ್ರಮಾಣ, 0ರಿಂದ 5ರವರೆಗೆ. ಮೂರನೇ ಎರಡು ಭಾಗಕ್ಕಿಂತ ಹೆಚ್ಚು ಇದ್ದರೆ 5. ಐಎಸ್ ಎಂದರೆ ಬಣ್ಣದ ಗಾಢತೆ, 0ರಿಂದ 3. ಕೂಡಿಸಿದಾಗ 3 ಅಥವಾ ಹೆಚ್ಚು ಬಂದರೆ ಪಾಸಿಟಿವ್. 0 ಮತ್ತು 2 ನೆಗೆಟಿವ್. 1 ಎಂಬ ಮೊತ್ತ ಬರುವುದೇ ಇಲ್ಲ, ಯಾಕೆಂದರೆ ಒಂದು ಕೋಶಕ್ಕೆ ಬಣ್ಣ ಹಿಡಿದರೂ ಎರಡು ಕಡೆಯೂ ಕನಿಷ್ಠ ಒಂದೊಂದು ಅಂಕ ಸೇರುತ್ತದೆ.

ಶೇಕಡಾವಾರು ಲೆಕ್ಕದಲ್ಲಿ ಗೆರೆ ಇರುವುದು ಶೇ 1ರಲ್ಲಿ. ಅದಕ್ಕಿಂತ ಕಡಿಮೆಯಾದರೆ ನೆಗೆಟಿವ್. ಶೇ 1ರಿಂದ 10ರವರೆಗಿನದನ್ನು 2020ರ ಅಂತರರಾಷ್ಟ್ರೀಯ ಮಾರ್ಗಸೂಚಿ ‘ಇಆರ್ ಲೋ ಪಾಸಿಟಿವ್’ ಎಂದು ಬೇರೆಯಾಗಿಯೇ ನಮೂದಿಸಲು ಹೇಳುತ್ತದೆ. ಇವು ಹೆಸರಿಗೆ ಪಾಸಿಟಿವ್, ನಡವಳಿಕೆಯಲ್ಲಿ ಬಹುಪಾಲು ನೆಗೆಟಿವ್ ಗಡ್ಡೆಗಳಂತೆ. ಶೇ 5 ಎಂದಿರುವವರು ‘ನಮ್ಮದು ಪಾಸಿಟಿವ್ ಅಲ್ಲವೇ, ಮಾತ್ರೆ ಸಾಕು’ ಎಂದು ಕೀಮೋ ಬೇಡ ಎನ್ನುವುದು ಅಪಾಯ.

ಹಂತ 2: ಉಳಿದ ಸಾಲುಗಳನ್ನು ಜೋಡಿಸಿ

ಪಿಆರ್ ಅಂದರೆ ಪ್ರೊಜೆಸ್ಟರಾನ್ ರಿಸೆಪ್ಟರ್. ಇಆರ್ ಸರಿಯಾಗಿ ಕೆಲಸ ಮಾಡುತ್ತಿದ್ದರೆ ಸಾಮಾನ್ಯವಾಗಿ ಪಿಆರ್ ಕೂಡ ತಯಾರಾಗುತ್ತದೆ. ಇಆರ್ ಇದ್ದು ಪಿಆರ್ ಇಲ್ಲದ ಗಡ್ಡೆಗಳು ಎರಡೂ ಇರುವವಕ್ಕಿಂತ ಸ್ವಲ್ಪ ಒರಟು. ಇಆರ್ ಇಲ್ಲದೆ ಪಿಆರ್ ಮಾತ್ರ ಇದೆ ಎಂದು ಬಂದರೆ ಅದು ತೀರಾ ಅಪರೂಪ, ಪರೀಕ್ಷೆ ಮರುಮಾಡಿಸಬೇಕು.

ಹರ್2 ಎಂದರೆ ಕೋಶದ ಮೇಲ್ಮೈಯಲ್ಲಿದ್ದು ಬೆಳವಣಿಗೆಗೆ ಚಾಲನೆ ಕೊಡುವ ಒಂದು ಪ್ರೋಟೀನ್. ಅದರಲ್ಲಿ 0, 1+ ನೆಗೆಟಿವ್, 3+ ಪಾಸಿಟಿವ್. 2+ ಬಂದರೆ ತೀರ್ಮಾನ ಆಗಿಲ್ಲ ಎಂದರ್ಥ, ಹರ್2 ಜೀನ್ ಪ್ರತಿಗಳನ್ನು ಎಣಿಸುವ ಫಿಶ್ ಪರೀಕ್ಷೆ ಬೇಕು. ಕೋಶಗಳು ಎಷ್ಟು ಚುರುಕಾಗಿ ವಿಭಜನೆಯಾಗುತ್ತಿವೆ ಎಂದು ತೋರುವ ಕೆಐ-67 ಲ್ಯಾಬ್‌ನಿಂದ ಲ್ಯಾಬ್‌ಗೆ ವ್ಯತ್ಯಾಸವಾಗುತ್ತದೆ. ಅದೊಂದನ್ನೇ ಹಿಡಿದು ಚಿಂತಿಸಬೇಡಿ.

ಹಂತ 3: ರಿಪೋರ್ಟ್ ನಂಬಬಹುದೇ ಎಂದು ನೋಡಿ

ತಪ್ಪುಗಳು ಹೆಚ್ಚಾಗಿ ಆಗುವುದು ಮೈಕ್ರೊಸ್ಕೋಪಿನ ಕೆಳಗಲ್ಲ, ಡಬ್ಬಿಯಲ್ಲಿ. ತೆಗೆದ ಚೂರು ಒಂದು ಗಂಟೆಯೊಳಗೆ ಶೇ 10ರ ಬಫರ್ಡ್ ಫಾರ್ಮಲಿನ್‌ಗೆ ಬೀಳಬೇಕು. ಫಾರ್ಮಲಿನ್ ಚೂರಿನ ಗಾತ್ರದ ಹತ್ತು ಪಟ್ಟಾದರೂ ಇರಬೇಕು. ಅದರಲ್ಲಿ ಕನಿಷ್ಠ 6 ಗಂಟೆ, ಹೆಚ್ಚೆಂದರೆ 72 ಗಂಟೆ ಇರಬೇಕು. ಸಣ್ಣ ನರ್ಸಿಂಗ್ ಹೋಂನಲ್ಲಿ ಇಡೀ ಗಂಟನ್ನು ತೆಗೆದು, ಕತ್ತರಿಸದೆ, ಬಾಯಿ ಕಿರಿದಾದ ಬಾಟಲಿಗೆ ತುರುಕಿ, ಮೇಲೆ ಒಂದಿಷ್ಟು ಫಾರ್ಮಲಿನ್ ಹೊಯ್ದು ದೂರದ ಲ್ಯಾಬ್‌ಗೆ ಕಳಿಸಿದರೆ ದ್ರವ ನಡುವಿಗೆ ಇಳಿಯುವಷ್ಟರಲ್ಲಿ ಒಳಗಿನ ಪ್ರೋಟೀನ್ ಕೆಟ್ಟಿರುತ್ತದೆ. ಸ್ಲೈಡ್‌ನಲ್ಲಿ ಅಂಚು ಮಾತ್ರ ಕಂದು, ನಡುವೆ ಖಾಲಿ. ಸಲೈನ್‌ನಲ್ಲಿ ಹಾಕಿ ಕಳಿಸಿದರಂತೂ ಹೇಳುವುದೇ ಬೇಡ. ಹೀಗೆ ಹುಟ್ಟುವ ಸುಳ್ಳು ನೆಗೆಟಿವ್ ಒಬ್ಬ ಹೆಂಗಸಿಗೆ ವರ್ಷಗಟ್ಟಲೆ ಸಿಗಬೇಕಾದ ಮಾತ್ರೆಯನ್ನೇ ತಪ್ಪಿಸುತ್ತದೆ. ಸಣ್ಣ ಚೂರು ಬೇಗ ನೆನೆಯುವುದರಿಂದ ಈ ಪರೀಕ್ಷೆಗೆ ಸೂಜಿ ಬಯಾಪ್ಸಿಯೇ ಮೇಲು.

ಎರಡು ಸುಳಿವು ನೆನಪಿಡಿ. ಗಡ್ಡೆಯ ಪಕ್ಕದ ಸಾಮಾನ್ಯ ಹಾಲಿನ ನಾಳಗಳಲ್ಲಿ ಒಂದಷ್ಟು ಕೋಶಗಳಾದರೂ ಕಂದಾಗಲೇಬೇಕು. ಅವೂ ಆಗದಿದ್ದರೆ ಪರೀಕ್ಷೆಯೇ ಕೈಕೊಟ್ಟಿದೆ. ಇನ್ನೊಂದು, ಗ್ರೇಡ್ 1 ಗಡ್ಡೆಗಳು, ಲೋಬ್ಯುಲರ್, ಟ್ಯೂಬ್ಯುಲರ್, ಮ್ಯೂಸಿನಸ್ ಬಗೆಯವು ಹೆಚ್ಚುಕಡಿಮೆ ಯಾವಾಗಲೂ ಇಆರ್ ಪಾಸಿಟಿವ್. ಇವುಗಳಿಗೆ ನೆಗೆಟಿವ್ ಎಂದು ಬಂದರೆ ಬ್ಲಾಕ್ (ಮೇಣದಲ್ಲಿ ಹುದುಗಿಸಿಟ್ಟ ಚೂರು) ಒಯ್ದು ಬೇರೆ ಲ್ಯಾಬ್‌ನಲ್ಲಿ ಮರುಪರೀಕ್ಷೆ ಮಾಡಿಸಿ.

ಹಂತ 4: ಕಾಲದ ಲೆಕ್ಕ ತಿಳಿಯಿರಿ

ಇಆರ್ ನೆಗೆಟಿವ್ ಗಡ್ಡೆ, ಅದರಲ್ಲೂ ಮೂರೂ ನೆಗೆಟಿವ್ ಆದ ಟ್ರಿಪಲ್ ನೆಗೆಟಿವ್, ಮರಳುವುದಿದ್ದರೆ ಹೆಚ್ಚಾಗಿ ಮೊದಲ ಮೂರು ವರ್ಷಗಳಲ್ಲೇ ಮರಳುತ್ತದೆ. ಐದು ವರ್ಷ ದಾಟಿದವರಲ್ಲಿ ಅಪಾಯ ಗಣನೀಯವಾಗಿ ಇಳಿಯುತ್ತದೆ. ಪಾಸಿಟಿವ್ ಗಡ್ಡೆಯ ಅಪಾಯ ಮೊದಲ ಐದು ವರ್ಷ ಕಡಿಮೆ, ಆಮೇಲೆ ನಿಲ್ಲುವುದಿಲ್ಲ, ನಿಧಾನವಾಗಿ ಎಳೆಯುತ್ತ ಹೋಗುತ್ತದೆ.

ಇದಕ್ಕೆ ದೊಡ್ಡ ಪುರಾವೆ 2017ರಲ್ಲಿ ಬಂತು. ಐದು ವರ್ಷ ಹಾರ್ಮೋನ್ ಚಿಕಿತ್ಸೆ ಪಡೆದು ಅಲ್ಲಿಯವರೆಗೆ ಕಾಯಿಲೆ ಮರಳದಿದ್ದ 62,923 ಮಹಿಳೆಯರ ಮಾಹಿತಿಯನ್ನು ಒಟ್ಟುಗೂಡಿಸಿ ನೋಡಿದಾಗ, 5ನೇ ವರ್ಷದಿಂದ 20ನೇ ವರ್ಷದ ನಡುವೆ ಮೂಳೆ, ಶ್ವಾಸಕೋಶ, ಯಕೃತ್ತಿನಂಥ ದೂರದ ಅಂಗಗಳಲ್ಲಿ ಕ್ಯಾನ್ಸರ್ ಕಾಣಿಸಿಕೊಂಡ ಪ್ರಮಾಣ ಹೀಗಿತ್ತು: ಗಡ್ಡೆ 2 ಸೆಂ.ಮೀ. ಒಳಗಿದ್ದು ಕಂಕುಳ ಗ್ರಂಥಿಗೆ ಹಬ್ಬಿಲ್ಲದಿದ್ದರೆ ಶೇ 13, ಒಂದರಿಂದ ಮೂರು ಗ್ರಂಥಿಗೆ ಹಬ್ಬಿದ್ದರೆ ಶೇ 20, ನಾಲ್ಕರಿಂದ ಒಂಬತ್ತಾದರೆ ಶೇ 34. ಇವರಲ್ಲಿ ಬಹಳ ಜನ ಹಲವು ವರ್ಷಗಳ ಹಿಂದೆ ಚಿಕಿತ್ಸೆ ಪಡೆದವರು, ಇಂದಿನವರ ಅಂಕಿ ಇದಕ್ಕಿಂತ ಉತ್ತಮ ಇರಬಹುದು. ಆದರೂ ಐದು ವರ್ಷ ಆಯಿತೆಂದು ತಪಾಸಣೆ ಬಿಡುವವರು ಈ ಅಂಕಿಗಳನ್ನು ಒಮ್ಮೆ ನೋಡಬೇಕು.

ಭಾರತದಲ್ಲಿ ಟ್ರಿಪಲ್ ನೆಗೆಟಿವ್ ಪ್ರಮಾಣ ಪಾಶ್ಚಾತ್ಯ ದೇಶಗಳಿಗಿಂತ ಹೆಚ್ಚು. ಹಲವು ಅಧ್ಯಯನಗಳಲ್ಲಿ ಮೂರರಲ್ಲಿ ಒಂದರ ಹತ್ತಿರ. ಕಾಯಿಲೆ ಬರುವ ವಯಸ್ಸೂ ಇಲ್ಲಿ ಕಡಿಮೆ.

ಹಂತ 5: ಪಾಸಿಟಿವ್ ಆದರೆ ಮಾತ್ರೆ, ಮುಟ್ಟಿನ ಲೆಕ್ಕದಲ್ಲಿ

ಈಸ್ಟ್ರೊಜೆನ್ ರಿಸೆಪ್ಟರ್‌ಗೆ ಅಂಟದಂತೆ ತಡೆಯುವ ಟ್ಯಾಮಾಕ್ಸಿಫೆನ್ ಮಾತ್ರೆಯನ್ನು ಐದು ವರ್ಷ ತೆಗೆದುಕೊಂಡರೆ ಆ ಅವಧಿಯಲ್ಲಿ ಮರುಕಳಿಕೆ ಸುಮಾರು ಅರ್ಧಕ್ಕೆ ಇಳಿಯುತ್ತದೆ, 15 ವರ್ಷದ ಲೆಕ್ಕದಲ್ಲಿ ಸ್ತನ ಕ್ಯಾನ್ಸರ್ ಸಾವು ಮೂರನೇ ಒಂದರಷ್ಟು ತಗ್ಗುತ್ತದೆ. ಇಆರ್ ನೆಗೆಟಿವ್ ಇದ್ದವರಿಗೆ ಇದರಿಂದ ಪ್ರಯೋಜನ ಇಲ್ಲ.

ಮುಟ್ಟು ಇನ್ನೂ ಇರುವವರಿಗೆ ದಿನಕ್ಕೆ 20 ಮಿ.ಗ್ರಾಂ. ಟ್ಯಾಮಾಕ್ಸಿಫೆನ್. ನಿಂತವರಿಗೆ ದೇಹದಲ್ಲಿ ಈಸ್ಟ್ರೊಜೆನ್ ತಯಾರಾಗುವುದನ್ನು ತಗ್ಗಿಸುವ ಮಾತ್ರೆ: ಲೆಟ್ರೊಜೋಲ್ 2.5, ಅನಾಸ್ಟ್ರೊಜೋಲ್ 1 ಅಥವಾ ಎಕ್ಸಿಮೆಸ್ಟೇನ್ 25 ಮಿ.ಗ್ರಾಂ. ಅಪಾಯ ಹೆಚ್ಚಿರುವ ಕಿರಿಯರಿಗೆ ಗೊಸೆರೆಲಿನ್ 3.6 ಮಿ.ಗ್ರಾಂ. ಇಂಜೆಕ್ಷನ್ ಅನ್ನು 28 ದಿನಕ್ಕೊಮ್ಮೆ ಹೊಟ್ಟೆಯ ಚರ್ಮದಡಿ ಕೊಟ್ಟು ಅಂಡಾಶಯವನ್ನು ಸುಮ್ಮನಿರಿಸುತ್ತಾರೆ. ಕೀಮೋ ಇದ್ದರೆ ಟ್ಯಾಮಾಕ್ಸಿಫೆನ್ ಅದು ಮುಗಿದ ಮೇಲೆ.

ಇಲ್ಲೊಂದು ದೊಡ್ಡ ಗುಂಡಿ ಇದೆ. 42ರ ಹೆಂಗಸಿಗೆ ಕೀಮೋದಿಂದ ಮುಟ್ಟು ನಿಂತಿತು ಎಂದುಕೊಳ್ಳಿ. ‘ನಿಂತಿದೆ’ ಎಂದು ಲೆಟ್ರೊಜೋಲ್ ಬರೆದರೆ ಕೆಲವೊಮ್ಮೆ ತಿಂಗಳುಗಳ ನಂತರ ಅಂಡಾಶಯ ಮತ್ತೆ ಎಚ್ಚರಗೊಳ್ಳುತ್ತದೆ. ಇದೇ ಮಾತ್ರೆಯನ್ನು ಬಂಜೆತನ ಚಿಕಿತ್ಸೆಯಲ್ಲಿ ಅಂಡಾಣು ಬಿಡುಗಡೆಗೆ ಕೊಡುತ್ತಾರೆ ಎಂಬುದನ್ನು ನೆನೆಸಿಕೊಂಡರೆ ಅಪಾಯ ಅರ್ಥವಾಗುತ್ತದೆ. ಅಂಡಾಶಯ ದುಡಿಯುತ್ತಿರುವಾಗ ಲೆಟ್ರೊಜೋಲ್ ಒಂದೇ ಸಾಲದು. ಎಸ್ಟ್ರಡಯೋಲ್ (ಈಸ್ಟ್ರೊಜೆನ್‌ನ ಮುಖ್ಯ ರೂಪ) ರಕ್ತಪರೀಕ್ಷೆ ಮಾಡಿಸದೆ, ಇಂಜೆಕ್ಷನ್ ಜೊತೆಗಿಲ್ಲದೆ ಈ ವಯಸ್ಸಿನವರು ಇದನ್ನು ಶುರು ಮಾಡಬಾರದು.

ಟ್ಯಾಮಾಕ್ಸಿಫೆನ್ ಗರ್ಭನಿರೋಧಕವೂ ಅಲ್ಲ, ಮಗುವಿಗೆ ಹಾನಿಕರ. ಹಾಗಾಗಿ ಕಾಪರ್-ಟಿ ಅಥವಾ ಕಾಂಡೊಮ್ ಬಳಸಬೇಕು. ಹಾರ್ಮೋನ್ ಇರುವ ಗರ್ಭನಿರೋಧಕ ಗುಳಿಗೆ ಕೂಡದು. ಮುಟ್ಟು ನಿಂತವರಿಗೆ ಮತ್ತೆ ರಕ್ತಸ್ರಾವ ಕಂಡರೆ, ಒಂದೇ ಕಾಲು ಊದಿ ನೋಯತೊಡಗಿದರೆ ಮುಂದಿನ ಅಪಾಯಿಂಟ್‌ಮೆಂಟ್‌ವರೆಗೆ ಕಾಯಬೇಡಿ. ಮೈ ಬಿಸಿಯೇರುವುದಕ್ಕೋ ಖಿನ್ನತೆಗೋ ಪ್ಯಾರೊಕ್ಸೆಟಿನ್, ಫ್ಲೂಒಕ್ಸೆಟಿನ್ ಬರೆದರೆ ಟ್ಯಾಮಾಕ್ಸಿಫೆನ್ ನಡೆಯುತ್ತಿದೆ ಎಂದು ವೈದ್ಯರಿಗೆ ಹೇಳಿ. ಇವು ಟ್ಯಾಮಾಕ್ಸಿಫೆನ್ ದೇಹದಲ್ಲಿ ಸಕ್ರಿಯ ರೂಪಕ್ಕೆ ತಿರುಗುವುದನ್ನು ತಡೆಯುತ್ತವೆ. ಲೆಟ್ರೊಜೋಲ್ ಗುಂಪಿನ ಮಾತ್ರೆಗಳಿಗೆ ಕೀಲುನೋವು, ಮೂಳೆ ಸವೆತ ಕಟ್ಟಿಟ್ಟದ್ದು: ಶುರುವಿನಲ್ಲೇ ಮೂಳೆ ಎಷ್ಟು ಗಟ್ಟಿಯಿದೆ ಎಂದು ಅಳೆಯುವ ಡೆಕ್ಸಾ ಸ್ಕ್ಯಾನ್, ಜೊತೆಗೆ ಕ್ಯಾಲ್ಸಿಯಂ, ವಿಟಮಿನ್ ಡಿ. ಕೀಲುನೋವು ತಾಳಲಾರದೆ ತಾವಾಗಿಯೇ ಮಾತ್ರೆ ಬಿಡುವವರು ಬಹಳ. ಬಿಡುವ ಬದಲು ಮಾತ್ರೆ ಬದಲಿಸಿಕೊಡಲು ಕೇಳಿ. ಒಂದು ದಿನ ಮರೆತರೆ ಮರುದಿನ ಎರಡು ನುಂಗಬೇಡಿ.

ಹಂತ 6: ಕೀಮೋ ಬೇಕೇ?

ಪಾಸಿಟಿವ್, ಹರ್2 ನೆಗೆಟಿವ್, ಕಂಕುಳ ಗ್ರಂಥಿಯೂ ಸ್ವಚ್ಛ ಆದವರಲ್ಲಿ, ಕಾಯಿಲೆ ಮರಳುವ ಅಪಾಯ ಅಳೆಯುವ 21 ಜೀನ್‌ಗಳ ಪರೀಕ್ಷೆಯ ಸ್ಕೋರ್ 25ರವರೆಗೆ ಇದ್ದರೆ ಬಹುಪಾಲು ಜನರಿಗೆ ಕೀಮೋ ಬೇಡ ಎಂದು 2018ರ ಟೇಲರ್-ಎಕ್ಸ್ ಅಧ್ಯಯನ ತೋರಿಸಿತು. 50 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿನವರಲ್ಲಿ 16ರಿಂದ 25 ಬಂದರೆ ಸ್ವಲ್ಪ ಲಾಭ ಇದೆ. ಪರೀಕ್ಷೆ ದುಬಾರಿ. ಬೆಂಗಳೂರಿನ ಆಂಕೋಸ್ಟೆಮ್ ಡಯಾಗ್ನಾಸ್ಟಿಕ್ಸ್ ರೂಪಿಸಿದ ಕ್ಯಾನ್‌ಅಸಿಸ್ಟ್ ಬ್ರೆಸ್ಟ್ ಪರೀಕ್ಷೆಯೂ ಇದೇ ಪ್ರಶ್ನೆಗೆ ಐಎಚ್‌ಸಿ ಬಳಸಿ ಉತ್ತರ ಹುಡುಕುತ್ತದೆ. ಶೇ 10ಕ್ಕಿಂತ ಕಡಿಮೆ ಇಆರ್ ಇದ್ದವರು ಇಂಥ ಪರೀಕ್ಷೆಗೆ ಹಣ ಹಾಕುವ ಮೊದಲು ವೈದ್ಯರನ್ನು ಮತ್ತೊಮ್ಮೆ ಕೇಳುವುದು ಒಳಿತು.

ಟ್ರಿಪಲ್ ನೆಗೆಟಿವ್ ಗಡ್ಡೆ 2 ಸೆಂ.ಮೀ. ಮೀರಿದ್ದರೆ ಅಥವಾ ಗ್ರಂಥಿಗೆ ಹಬ್ಬಿದ್ದರೆ ಸಾಮಾನ್ಯವಾಗಿ ಮೊದಲು ಕೀಮೋ, ಆಮೇಲೆ ಆಪರೇಷನ್. ‘ಮೊದಲು ಗಂಟು ತೆಗೆದುಬಿಡಿ’ ಎಂದು ಒತ್ತಾಯಿಸಬೇಡಿ. ಕೀಮೋ ಮುಗಿದ ಮೇಲೆ ತೆಗೆದ ಭಾಗದಲ್ಲಿ ಕ್ಯಾನ್ಸರ್ ಉಳಿದಿಲ್ಲದಿದ್ದರೆ ಮುಂದಿನ ನಿರೀಕ್ಷೆ ಬಹಳ ಚೆನ್ನಾಗಿರುತ್ತದೆ. ಉಳಿದಿದ್ದರೆ ಕ್ಯಾಪೆಸಿಟಬಿನ್ ಮಾತ್ರೆಯಂಥ ಹೆಚ್ಚುವರಿ ಚಿಕಿತ್ಸೆ ಕೊಡಬಹುದು. ಮೊದಲೇ ಕತ್ತರಿಸಿದರೆ ಈ ಮಾಹಿತಿಯೇ ಸಿಗುವುದಿಲ್ಲ. ಇವರೆಲ್ಲ ಸ್ತನ ಕ್ಯಾನ್ಸರ್ ಅಪಾಯ ವಂಶದಲ್ಲಿ ಹರಿದುಬಂದಿದೆಯೇ ಎಂದು ನೋಡುವ ಬಿಆರ್‌ಸಿಎ ಜೀನ್ ಪರೀಕ್ಷೆಯ ಬಗ್ಗೆಯೂ ಕೇಳಬೇಕು, ಫಲಿತಾಂಶ ಅಕ್ಕತಂಗಿಯರಿಗೂ ಮಕ್ಕಳಿಗೂ ಸಂಬಂಧಿಸಿದ್ದು.

ಎಷ್ಟೋ ವರ್ಷದ ಮೇಲೆ ಕಾಯಿಲೆ ಬೇರೆ ಅಂಗದಲ್ಲಿ ಕಂಡರೆ ಹಳೆಯ ರಿಪೋರ್ಟ್ ನಂಬಿ ಚಿಕಿತ್ಸೆ ಶುರು ಮಾಡುವುದಲ್ಲ. ಸಾಧ್ಯವಿದ್ದಲ್ಲಿ ಹೊಸ ಜಾಗದಿಂದ ಬಯಾಪ್ಸಿ ಮಾಡಿ ಇಆರ್ ಮತ್ತೆ ನೋಡಬೇಕು, ಕೆಲವರಲ್ಲಿ ಅದು ಬದಲಾಗಿರುತ್ತದೆ. ಮೂಳೆಯ ಚೂರಾದರೆ ಆ್ಯಸಿಡ್‌ನಲ್ಲಿ ಮೆತ್ತಗೆ ಮಾಡುವಾಗ ರಿಸೆಪ್ಟರ್ ಹಾಳಾಗಿ ಸುಳ್ಳು ನೆಗೆಟಿವ್ ಬರಬಹುದು, ಲ್ಯಾಬ್‌ಗೆ ಮೊದಲೇ ತಿಳಿಸಿ. ಹೋಲಿಸಿ ನೋಡಲು ಹಳೆಯ ಪ್ಯಾರಾಫಿನ್ ಬ್ಲಾಕ್ ಬೇಕಾಗುತ್ತದೆ. ಅದು ಯಾವ ಲ್ಯಾಬ್‌ನಲ್ಲಿದೆ, ನಂಬರ್ ಏನು ಎಂಬುದನ್ನು ಡಿಸ್ಚಾರ್ಜ್ ಸಮ್ಮರಿಯ ಹಿಂಬದಿಯಲ್ಲಿ ಬರೆದಿಡಿ.